ಕೆರೆಯ ಕಳೆ, ಹಿತ್ತಿಲಿಗೆ ಗೊಬ್ಬರ

ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ಅದರ ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿ ಹೊಲಗಳಿಗೆ ಹರಡುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಆ ಒಂದು ಕೆಲಸದಿಂದ ಎರಡು ಪ್ರಯೋಜನಗಳು ಒದಗುತ್ತಿದ್ದುವು. ಹೂಳು ಹೋಗಿ ಕೆರೆಯ ಆಳ ಉಳಿಯುತ್ತಿತ್ತು. ಮಳೆಯ ನೀರು ಹೊಲಗಳಿಂದ ಕೊಚ್ಚಿಕೊಂಡು ಹೋಗಿದ್ದ ಸಾರ ಪುನಃ ಹೊಲಕ್ಕೇ ಸೇರುತ್ತಿತ್ತು. ಕೊಳವೆ ಬಾವಿಗಳೂ ಚೀಲದ ಗೊಬ್ಬರಗಳೂ ಬಂದ ಮೇಲೆ ಈ ರೂಢಿ ಹಿಂದೆ ಬಿದ್ದಿತು. ಕೆರೆಗೆ ಹರಿದು ಹೋಗುವ ಸಾರ ಮಾತ್ರ ಕಡಮೆಯಾಗಲಿಲ್ಲ; ಬದಲಾಗಿ ಹೆಚ್ಚಿತು. ಹೊಲದ ಯೂರಿಯಾ, ಹಟ್ಟಿಯ ತೊಳೆನೀರು, ಬಚ್ಚಲಿನ ಸಾಬೂನು, ಊರಿನ ಚರಂಡಿ ಎಲ್ಲವೂ ಇಳಿಜಾರನ್ನು ಹಿಡಿದು ಕೊನೆಗೆ ತಗ್ಗಿನ ನೀರನ್ನೇ ಸೇರುತ್ತವೆ. ಅಲ್ಲಿ ಅವನ್ನು ಉಂಡು ಬೆಳೆಯುವುದು ಕಳೆ.

ಆದುದರಿಂದ ಕೆರೆಯ ಮೇಲೆ ಹಾಸಿದಂತೆ ಕಾಣುವ ಹಸುರನ್ನು ಕೇವಲ ಹೊಲಸೆಂದು ತಿಳಿಯುವುದು ಸರಿಯಲ್ಲ. ಅದು ನಮ್ಮ ಮನೆ-ಹೊಲಗಳಿಂದ ತಪ್ಪಿಸಿಕೊಂಡು ಹೋದ ಗೊಬ್ಬರ. ಅದನ್ನು ಮೇಲಕ್ಕೆತ್ತಿ ಕಳಿಯಿಸಿ ಹಿತ್ತಿಲಿಗೆ ಹಾಕಿದರೆ ಕೆರೆಗೂ ಹಿತ, ತರಕಾರಿಗೂ ಹಿತ. ಆದರೆ ಈ ಕೆಲಸಕ್ಕೆ ಕ್ರಮವಿದೆ. ಕ್ರಮ ತಪ್ಪಿದರೆ ಲಾಭಕ್ಕೆ ಬದಲಾಗಿ ದುರ್ಗಂಧ, ಕಳೆಯ ಹರಡುವಿಕೆ, ಒಮ್ಮೊಮ್ಮೆ ರೋಗವೂ ಗಂಟು ಬೀಳುತ್ತವೆ. ಈ ಎರಡೂ ಮುಖಗಳನ್ನು ನಮ್ಮ ಓದುಗ ಕುಟುಂಬಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದೇ ಕಳೆ, ಐದು ಹೆಸರು

ಗಡಿಯಾಚೆಯ ನಮ್ಮ ಊರುಗಳಲ್ಲಿ ಭಾಷೆ ಬದಲಾದರೂ ಕೆರೆಯ ಕಳೆ ಬದಲಾಗಿಲ್ಲ. ಉಬ್ಬಿದ ದಂಟು, ದಪ್ಪನಾದ ದುಂಡನೆಯ ಎಲೆ, ತಿಳಿನೇರಳೆ ಬಣ್ಣದ ಹೂಗೊಂಚಲು ಇರುವ ತೇಲುಗಿಡವನ್ನು ಕನ್ನಡದಲ್ಲಿ ಇಂದು ಸಾಮಾನ್ಯವಾಗಿ ಅಂತರಗಂಗೆ ಎನ್ನುತ್ತೇವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿ ನೆರೆಯವರಿಗೆ ಅದು ಜಲಪರ್ಣಿ. ಆದವಾನಿ, ರಾಯದುರ್ಗಗಳ ತೆಲುಗರಿಗೆ ಗುರ್ರಪು ಡೆಕ್ಕ, ಎಂದರೆ ಕುದುರೆಯ ಗೊರಸು. ಹೊಸೂರು, ತಾಳವಾಡಿಗಳ ತಮಿಳರಿಗೆ ಆಗಾಯ ತಾಮರೈ, ಎಂದರೆ ಆಕಾಶದ ತಾವರೆ. ಕಾಸರಗೋಡು, ವಯನಾಡುಗಳ ಮಲೆಯಾಳಿಗಳಿಗೆ ಕುಳವಾಳ, ಎಂದರೆ ಕೊಳದ ಬಾಳೆ. ಸೊಲ್ಲಾಪುರದ ಕಂಬರ ತಲಾವಿನಲ್ಲಿಯೂ ಉದಕಮಂಡಲದ ಸರೋವರದಲ್ಲಿಯೂ ಈ ಕಳೆ ಹಬ್ಬಿ, ಅದನ್ನು ತೆಗೆಯಿಸುವುದೇ ದೊಡ್ಡ ಕೆಲಸವಾದದ್ದುಂಟು.

ನಮ್ಮ ಹಳೆಯ ಅಂತರಗಂಗೆ ಬೇರೆ. ಅದು ಚಿಕ್ಕ ಎಲೆಕೋಸಿನ ಆಕಾರದಲ್ಲಿ, ನವಿರಾದ ರೋಮಗಳಿರುವ ಎಲೆಗಳಿಂದ ಕೂಡಿ ತೇಲುವ ಗಿಡ. ನೇರಳೆ ಹೂವಿನದು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದಿಂದ, ಹೂವಿನ ಚೆಲುವಿಗೆ ಮನಸೋತವರ ಮೂಲಕ ಲೋಕದ ಹಲವು ಕಡೆಗಳಿಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂಗಾಳವನ್ನು ಮುಟ್ಟಿದ ಅದು ಅಲ್ಲಿನ ಗದ್ದೆ-ಕಾಲುವೆಗಳನ್ನು ಮುಚ್ಚಿ, ದೋಣಿಗಳನ್ನು ತಡೆದು, ‘ಬಂಗಾಳದ ಪಿಡುಗು’ ಎನ್ನಿಸಿಕೊಂಡಿತು. ಅದರ ನಾಶಕ್ಕಾಗಿಯೇ 1936ರಲ್ಲಿ ಬಂಗಾಳದಲ್ಲಿ ಒಂದು ಕಾನೂನು ಮಾಡಬೇಕಾಯಿತು. ಅನುಕೂಲವಾದ ನೀರಿನಲ್ಲಿ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಸುವ, ಬೀಜ ಕೆಸರಿನಲ್ಲಿ ಹದಿನೈದು-ಇಪ್ಪತ್ತು ವರ್ಷಗಳವರೆಗೂ ಜೀವ ಹಿಡಿದಿರಬಲ್ಲ ಗಿಡವನ್ನು ಕಾನೂನು ಮಾತ್ರದಿಂದ ಅಡಗಿಸುವುದು ಸಾಧ್ಯವಾಗಲಿಲ್ಲ.

ಆದರೆ ಅದೇ ಬಂಗಾಳದ ರೈತರು ಪಿಡುಗಿನಿಂದ ಪ್ರಯೋಜನವನ್ನೂ ಪಡೆದರು. ಇಂದಿನ ಬಾಂಗ್ಲಾದೇಶದ ಗೋಪಾಲಗಂಜ, ಬಾರಿಸಾಲ, ಪಿರೋಜಪುರಗಳ ತಗ್ಗು ಪ್ರದೇಶಗಳಲ್ಲಿ ನೀರು ನಿಂತಿರುವ ತಿಂಗಳುಗಳಲ್ಲಿ ಈ ಕಳೆಯನ್ನೇ ಪದರ ಪದರವಾಗಿ ಒಟ್ಟಿ, ಅದು ಕಳಿಯುತ್ತಿರುವಾಗಲೇ ಮೇಲೆ ತರಕಾರಿ ಸಸಿಗಳನ್ನು ಬೆಳೆಸುತ್ತಾರೆ. ನೀರು ಇಳಿದ ಮೇಲೆ ಆ ತೇಲುವ ಮಡಿಯೇ ಒಣನೆಲದ ಬೆಳೆಗೆ ಗೊಬ್ಬರವಾಗುತ್ತದೆ. ಈ ಬೇಸಾಯ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2015ರಲ್ಲಿ ಜಗತ್ತಿನ ಮಹತ್ವದ ಕೃಷಿ ಪರಂಪರೆಗಳಲ್ಲಿ ಒಂದೆಂದು ಮನ್ನಿಸಿತು. ಇಂದೋರಿನಲ್ಲಿ 1924ರಿಂದ 1931ರವರೆಗೆ ಕೆಲಸ ಮಾಡಿದ ಆಲ್ಬರ್ಟ್ ಹೋವರ್ಡ್ ಅವರೂ ಅವರ ಸಹೋದ್ಯೋಗಿ ಯಶವಂತ ವಾಡ್ ಅವರೂ ರೂಪಿಸಿದ ‘ಇಂದೋರ್ ಪದ್ಧತಿ’ಯ ಕಾಂಪೋಸ್ಟಿಗೂ ಬಂಗಾಳದಲ್ಲಿ ಈ ಕಳೆ ಒದಗಿತು. ನಾವು ಮುಂದೆ ವಿವರಿಸುವ ಕ್ರಮಕ್ಕೆ ಆ ಪದ್ಧತಿಯೇ ಆಧಾರ.

ಕಳೆಯಲ್ಲಿರುವ ಸಾರವೆಷ್ಟು?

ಇಲ್ಲಿ ಉತ್ಪ್ರೇಕ್ಷೆಗೆ ಎಡೆಗೊಡದೆ ಲೆಕ್ಕ ಹಾಕಬೇಕು. ಹಸಿ ಅಂತರಗಂಗೆಯಲ್ಲಿ ನೂರಕ್ಕೆ 90ರಿಂದ 95 ಭಾಗ ನೀರೇ. 100 ಕಿಲೋ ಹಸಿ ಕಳೆಯನ್ನು ಹೊತ್ತು ತಂದರೆ ಉಳಿಯುವ ಒಣ ಪದಾರ್ಥ ಸುಮಾರು 6 ಕಿಲೋ. ಆ ಒಣ ಪದಾರ್ಥದಲ್ಲಿ ಸಾರಜನಕ ನೂರಕ್ಕೆ 2ರ ಆಸುಪಾಸು, ಪೊಟ್ಯಾಷ್ 3ರಿಂದ 5 ಭಾಗ, ರಂಜಕ ಇವೆರಡಕ್ಕಿಂತ ಬಹಳ ಕಡಮೆ. ಎಂದರೆ 100 ಕಿಲೋ ಹಸಿ ಕಳೆಯಿಂದ ದೊರೆಯಬಹುದಾದುದು ಸುಮಾರು 120 ಗ್ರಾಂ ಸಾರಜನಕ, 200 ಗ್ರಾಮಿನಷ್ಟು ಪೊಟ್ಯಾಷ್. ತೂಕಕ್ಕೆ ತೂಕ ಹೋಲಿಸಿದರೆ ಹಸಿ ಸೆಗಣಿಯೇ ಮೇಲು. ಒಣಗಿದ ಕಳೆಯಾದರೋ ಸೆಗಣಿಗೆ ಸೋಲುವುದಿಲ್ಲ.

ಈ ಅಂಕಿಗಳ ಬೆಲೆ ತೋಟಗಾರರಿಗೆ ಬೇಗ ತಿಳಿಯುತ್ತದೆ. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದರೊಡನೆ 12 ಕಿಲೋ ಹಸಿರೆಲೆ ಹಾಗೂ 12 ಕಿಲೋ ಕಾಂಪೋಸ್ಟ್ ಕೊಡಬೇಕೆಂಬುದು ತಜ್ಞರ ಶಿಫಾರಸು. ತೆಂಗು, ಅಡಿಕೆ, ಬಾಳೆ ಮೂರೂ ಪೊಟ್ಯಾಷನ್ನು ಬಯಸುವ ಬೆಳೆಗಳು. ಕೆರೆಯ ಕಳೆಯಲ್ಲಿ ಧಾರಾಳವಾಗಿರುವುದೂ ಅದೇ. ಗುಡ್ಡದ ಸೊಪ್ಪು ದುರ್ಲಭವಾಗಿ, ಹಟ್ಟಿಯಲ್ಲಿ ಹಸುಗಳು ಕಡಮೆಯಾಗಿ, ಗೊಬ್ಬರಕ್ಕೆ ಹಣ ತೆರಬೇಕಾಗಿ ಬಂದಿರುವ ಮನೆಗಳಿಗೆ ಇದು ಸಣ್ಣ ನೆರವೇನಲ್ಲ. ಆದರೆ ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗಿ ಹೋಗುವ ವಸ್ತು. ಕಳೆಯ ರಾಶಿಯನ್ನು ಮಳೆಗೆ ತೆರೆದಿಟ್ಟರೆ ಉತ್ತಮಾಂಶವೆಲ್ಲ ಕಪ್ಪು ನೀರಾಗಿ ಹರಿದು ಮತ್ತೆ ಕೆರೆಯನ್ನೇ ಸೇರುತ್ತದೆ. ಕಳೆ ತೆಗೆದು ಕೆರೆಯ ದಂಡೆಯಲ್ಲೇ ರಾಶಿ ಹಾಕಿ ಬಿಡುವವರ ಶ್ರಮ ವ್ಯರ್ಥವಾಗುವುದು ಈ ಕಾರಣದಿಂದ.

ಚೇರ್ತಲ ಕಲಿಸುವ ಪಾಠ

ಕಳೆಯಿಂದ ಗೊಬ್ಬರವಾಗುತ್ತದೆ ಎಂದೊಡನೆ ಕೆಲವರಿಗೆ ಇನ್ನೊಂದು ವಿಚಾರ ಹೊಳೆಯಬಹುದು: ಹಿತ್ತಿಲ ಕೊಳದಲ್ಲಿ ಕಳೆಯನ್ನೇ ಬೆಳೆಸಿದರೆ ಹೇಗೆ? ಇದಕ್ಕೆ ಕೇರಳದ ಆಲಪ್ಪುಳ ಜಿಲ್ಲೆಯ ಚೇರ್ತಲ ಪ್ರದೇಶವೇ ಉತ್ತರ ಹೇಳುತ್ತದೆ.

ಚೇರ್ತಲದಲ್ಲಿ ಮನೆಮನೆಗೂ ಕೊಳ, ಕೊಳದ ಸುತ್ತ ತೆಂಗು. ಕೋಸಿನಾಕಾರದ ಅಂತರಗಂಗೆಯನ್ನೂ ಆಫ್ರಿಕನ್ ಪಾಯಲ್ ಎಂಬ ತೇಲುವ ಜರೀಗಿಡವನ್ನೂ ಕೊಳದಲ್ಲಿ ಹಬ್ಬಗೊಟ್ಟು, ವರ್ಷಕ್ಕೊಮ್ಮೆ ಎತ್ತಿ ತೆಂಗಿನ ಬುಡಕ್ಕೆ ಹಾಕುವುದು ಅಲ್ಲಿನ ರೂಢಿಯಾಗಿತ್ತು. ತೆಂಗಿಗೇನೋ ಅದು ಒಳ್ಳೆಯದೇ. ಆದರೆ ಮಾನ್ಸೋನಿಯ ಎಂಬ ಜಾತಿಯ ಸೊಳ್ಳೆಯ ಮರಿಗೆ ಉಸಿರಾಡಲು ನೀರಿನ ಮೇಲೆ ಬರಬೇಕಾದ ಅಗತ್ಯವಿಲ್ಲ. ಅದು ಜಲಸಸ್ಯದ ಬೇರಿಗೆ ತನ್ನ ಉಸಿರುನಳಿಗೆಯನ್ನು ಚುಚ್ಚಿ, ಬೇರಿನೊಳಗಿನ ಗಾಳಿಯನ್ನೇ ಹೀರುತ್ತ ಅಲ್ಲಿಯೇ ಬೆಳೆಯುತ್ತದೆ. ಆ ಸೊಳ್ಳೆ ಹರಡುವುದು ಆನೆಕಾಲು ರೋಗವನ್ನು. ಚೇರ್ತಲವು ಆ ರೋಗಕ್ಕೆ ಹೆಸರಾಯಿತು.

1980ರ ದಶಕದಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನ ಕೇಂದ್ರವು ಅಲ್ಲಿ ಕೈಗೊಂಡ ಕಾರ್ಯದಲ್ಲಿ ಔಷಧ ಸಿಂಪಡಿಸುವುದಕ್ಕಿಂತ ಜನರ ಮನವೊಲಿಸುವುದಕ್ಕೇ ಹೆಚ್ಚು ಮಹತ್ವವಿತ್ತು. ಗೊಬ್ಬರವೆಂದು ಕಳೆಯನ್ನು ಕಾಪಾಡುತ್ತಿದ್ದವರಿಗೆ ಅದನ್ನು ಪೂರ್ತಿಯಾಗಿ ತೆಗೆದುಹಾಕುವಂತೆ ಹೇಳುವಾಗ, ಶುಚಿಯಾದ ಕೊಳದಲ್ಲಿ ಮೀನು ಸಾಕಿ ಆದಾಯ ಪಡೆಯುವ ದಾರಿಯನ್ನೂ ತೋರಿಸಲಾಯಿತು. ಕಳೆ ಹೋದಂತೆ ಸೊಳ್ಳೆಗೆ ನೆಲೆ ತಪ್ಪಿತು.

ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟವಾಗಿದೆ. ತೇಲುವ ಕಳೆಯನ್ನು ಗೊಬ್ಬರಕ್ಕೆಂದು ತೆಗೆಯಬೇಕೇ ಹೊರತು, ಗೊಬ್ಬರಕ್ಕೆಂದು ಬೆಳೆಸಬಾರದು. ಮುಂದಿನ ವರ್ಷಕ್ಕಿರಲೆಂದು ಒಂದು ಮೂಲೆಯಲ್ಲಿ ಬಿಡಲೂಬಾರದು. ಒಂದು ಕೆರೆಯ ಕಳೆ ಪೂರ್ತಿ ಮುಗಿದು ಮುಂದೆ ಗೊಬ್ಬರಕ್ಕೆ ಸಿಕ್ಕದಂತಾದರೆ ಅದನ್ನು ನಷ್ಟವೆಂದು ಭಾವಿಸಬಾರದು. ನೀರು ಶುಚಿಯಾಗಿರುವುದೇ ಅಲ್ಲಿ ಮುಖ್ಯವಾದ ಫಲ. ಹಾಗೆಯೇ ಹಸಿ ಕಳೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯಬಾರದು. ಗಾಡಿಯಿಂದ ಬಿದ್ದ ಒಂದು ತುಂಡು ದಾರಿಯ ಇನ್ನೊಂದು ಕೆರೆಯನ್ನು ಕೆಡಿಸಲು ಸಾಕು.

ಯಾವ ನೀರಿನ ಕಳೆ ಬೇಡ?

ಅಂತರಗಂಗೆಯ ಬೇರು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಪಾದರಸ ಮೊದಲಾದ ವಿಷಲೋಹಗಳನ್ನೂ ಹೀರಿಕೊಂಡು ಶೇಖರಿಸುತ್ತದೆ. ಕಾಂಪೋಸ್ಟು ಮಾಡಿದರೆ ಸೊಪ್ಪು ಕಳಿಯುತ್ತದೆ, ಬೀಜ ಸಾಯುತ್ತದೆ, ರೋಗಾಣುಗಳೂ ಬಹುಮಟ್ಟಿಗೆ ಅಳಿಯುತ್ತವೆ; ಆದರೆ ಲೋಹ ಅಳಿಯುವುದಿಲ್ಲ. ರಾಶಿ ಕುಗ್ಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಕಾರ್ಖಾನೆ, ಬಣ್ಣದ ಕೆಲಸ, ಚರ್ಮ ಹದ ಮಾಡುವ ಸ್ಥಳ, ಮೋಟಾರು ದುರಸ್ತಿಯ ಅಂಗಡಿಗಳ ನೀರು ಸೇರುವ ಕೆರೆಯ ಕಳೆಯನ್ನು ಊಟದ ಬೆಳೆಗೆ ಬಳಸಲೇಬಾರದು.

ನಮ್ಮ ಹೊಸೂರಿನ ಓದುಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರಿ, ರಾಜ್ಯದ ಗಡಿ ದಾಟಿ ಕೆಲವರಪಳ್ಳಿ ಜಲಾಶಯವನ್ನು ಮುಟ್ಟುತ್ತದೆ. ಅಂತಹ ನೀರಿನ ಕಳೆ ಎಷ್ಟೇ ಹುಲುಸಾಗಿ ಕಂಡರೂ ಅದನ್ನು ಹರಿವೆ, ಪಾಲಕ, ಮೂಲಂಗಿ ಮಡಿಗಳಿಂದ ದೂರವಿಡುವುದು ಲೇಸು. ಹೊಲ-ತೋಟಗಳ ನಡುವಣ ಮದಕ, ಹಳ್ಳಿಯ ಕೆರೆ, ಹಿತ್ತಿಲ ಕೊಳ, ಗದ್ದೆಯ ಕಾಲುವೆ ಇವುಗಳ ಕಳೆ ಹಿತ್ತಿಲಿಗೆ ಯೋಗ್ಯ.

ತಾವರೆ, ನೈದಿಲೆಗಳನ್ನು ಕಳೆಯೊಡನೆ ಕಿತ್ತು ಹಾಕಬಾರದು. ದಂಡೆಯ ಜೊಂಡನ್ನೂ ಪೂರ್ತಿ ಬೋಳಿಸಬಾರದು. ಮೀನಿನ ಮರಿಗೂ ನೀರುಕೋಳಿಗೂ ಅದು ಆಶ್ರಯ. ದೇವಸ್ಥಾನದ ಅಥವಾ ಪಂಚಾಯತಿಯ ಕೆರೆಯಾದರೆ ಸಂಬಂಧಪಟ್ಟವರ ಅನುಮತಿ ಪಡೆದೇ ಕೆಲಸಕ್ಕಿಳಿಯತಕ್ಕದ್ದು.

ತೆಗೆಯುವ ಕ್ರಮ

ಕಳೆ ತೆಗೆಯಲು ಚಳಿಗಾಲದ ಕೊನೆ ಮತ್ತು ಬೇಸಿಗೆ ತಕ್ಕ ಕಾಲ. ಆಗ ನೀರು ತಗ್ಗಿರುತ್ತದೆ, ಬಿಸಿಲು ಒಣಗಿಸಲು ನೆರವಾಗುತ್ತದೆ. ಗಿಡ ಹೂ ಬಿಡುವುದಕ್ಕೆ ಮುಂಚೆಯೇ ತೆಗೆದರೆ ಬೀಜದ ಭಯ ಕಡಮೆ. ಉದ್ದನೆಯ ಬಿದಿರಿನ ತುದಿಗೆ ಕೊಕ್ಕೆ ಅಥವಾ ಹಲ್ಲುಗಳಿರುವ ಹರಗೋಲನ್ನು ಕಟ್ಟಿ, ದಂಡೆಯ ಮೇಲೆ ನಿಂತೇ ಎಳೆದುಕೊಳ್ಳಬೇಕು. ಹಸುರು ಹಾಸಿನ ಕೆಳಗೆ ನೀರಿನ ಆಳ ತಿಳಿಯದು. ಕಾಲಿಗೆ ಬೇರು ತೊಡರಿದರೆ ಈಜು ಬಲ್ಲವರಿಗೂ ಅಪಾಯ. ಒಬ್ಬರೇ ಹೋಗಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಕಾಲಿನಲ್ಲಿ ಗಾಯವಿರುವವರು ಇಲಿಜ್ವರದ ಭಯದಿಂದಾಗಿ ನೀರಿಗಿಳಿಯದಿರುವುದೇ ವಿವೇಕ. ಕಳೆಯ ಬುಡದಲ್ಲಿ ಹಾವು ಸೇರಿರುವುದುಂಟು, ಬರಿಗೈಯಿಂದ ಬಾಚಬಾರದು.

ಎಳೆದ ಕಳೆಯನ್ನು ಒಂದೆರಡು ಗಂಟೆ ನೀರಂಚಿನಲ್ಲಿ ಬಿಟ್ಟರೆ ಅದರಲ್ಲಿ ಸಿಕ್ಕಿದ ಮೀನಿನ ಮರಿ, ಕಪ್ಪೆಗಳಿಗೆ ತಿರುಗಿ ನೀರು ಸೇರಲು ಅವಕಾಶವಾಗುತ್ತದೆ. ಅನಂತರ ಮಳೆ ನೀರು ಮತ್ತೆ ಕೆರೆಗೆ ಹರಿಯದ ಜಾಗಕ್ಕೆ ಒಯ್ದು, ಕತ್ತಿಯಿಂದ ಎರಡು ಮೂರು ಅಂಗುಲದ ತುಂಡುಗಳಾಗಿ ಕಡಿದು, ಮೂರರಿಂದ ಐದು ದಿನ ಬಿಸಿಲಿನಲ್ಲಿ ತೆಳುವಾಗಿ ಹರಡಬೇಕು. ಉಬ್ಬಿದ ದಂಟಿನೊಳಗಿನ ನೀರು ಆರದೆ ರಾಶಿ ಹಾಕಿದರೆ ಅದು ಕಳಿಯದೆ ಕೊಳೆಯುತ್ತದೆ. ಕಳಿತ ಗೊಬ್ಬರಕ್ಕೆ ಮಣ್ಣಿನ ವಾಸನೆ. ಕೊಳೆತದ್ದಕ್ಕೆ ಚರಂಡಿಯ ವಾಸನೆ. ಬಾಡಿಸುವ ಈ ಐದು ದಿನಗಳನ್ನು ಉಳಿಸಲು ಹೋದವರಿಗೆ ಎರಡನೆಯದೇ ದೊರೆಯುತ್ತದೆ. ಬಾಡಿದ ಮೇಲೆ ಹೊರೆಯೂ ಹಗುರವಾಗುವುದರಿಂದ ಮನೆಗೆ ಸಾಗಿಸುವುದೂ ಸುಲಭ.

ರಾಶಿ ಹಾಕುವ ಕ್ರಮ

ನಾಲ್ಕೈದು ಅಡಿ ಅಗಲ, ಬೇಕಾದಷ್ಟು ಉದ್ದದ ಜಾಗವನ್ನು ನೆರಳಿನಲ್ಲಿ ಸಮಮಾಡಿಕೊಳ್ಳಬೇಕು. ಅಡಿಯಲ್ಲಿ ಗಾಳಿ ಆಡುವಂತೆ ಕಡ್ಡಿ-ಕೊಂಬೆಗಳನ್ನು, ತೆಂಗಿನ ಮಡಲಿನ ತುಂಡುಗಳನ್ನು ಹಾಸಬೇಕು. ಅದರ ಮೇಲೆ ಅರ್ಧ ಅಡಿ ಒಣ ಪದಾರ್ಥ, ಅರ್ಧ ಅಡಿ ಬಾಡಿದ ಕಳೆ, ನೀರಿನಲ್ಲಿ ಕದಡಿದ ಸೆಗಣಿ, ತೆಳುವಾಗಿ ತೋಟದ ಮಣ್ಣು ಎಂಬ ಕ್ರಮದಲ್ಲಿ ಪದರಗಳನ್ನು ಏರಿಸುತ್ತ ನಾಲ್ಕೈದು ಅಡಿ ಎತ್ತರಕ್ಕೆ ತರಬೇಕು. ರಾಶಿ ತೀರ ಚಿಕ್ಕದಾದರೆ ಬಿಸಿ ಹುಟ್ಟುವುದಿಲ್ಲ. ಇದಕ್ಕಿಂತ ಎತ್ತರವಾದರೆ ಭಾರಕ್ಕೆ ಅಮುಕಿ ಒಳಗೆ ಗಾಳಿ ಸೇರುವುದಿಲ್ಲ.

ಒಣ ಪದಾರ್ಥ ಯಾವುದೆಂಬುದು ಆಯಾ ಸೀಮೆಗೆ ಬಿಟ್ಟದ್ದು. ಕಾಸರಗೋಡಿನಲ್ಲಿ ತರಗೆಲೆ, ಕಡಿದ ಅಡಿಕೆ ಸೋಗೆ. ಸೊಲ್ಲಾಪುರ, ಜತ್ತಗಳ ಕಡೆ ಜೋಳದ ಕಣಕಿ, ತೊಗರಿಯ ಹೊಟ್ಟು. ಆದವಾನಿ, ಮಡಕಶಿರಗಳಲ್ಲಿ ಶೇಂಗಾ ಸಿಪ್ಪೆ. ನೀಲಗಿರಿಯಲ್ಲಿ ಒಣಹುಲ್ಲು, ಉದುರೆಲೆ. ಕಳೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಇವೆರಡೂ ಕೂಡಿದರೆ ಮಾತ್ರ ಸೂಕ್ಷ್ಮಜೀವಿಗಳಿಗೆ ತಕ್ಕ ಆಹಾರ ದೊರೆಯುತ್ತದೆ. ರಂಜಕದ ಕೊರತೆಯನ್ನು ತುಂಬಲು ಎಲುಬಿನ ಪುಡಿ ಅಥವಾ ಶಿಲಾರಂಜಕವನ್ನು ಪದರಗಳ ನಡುವೆ ಸ್ವಲ್ಪ ಉದುರಿಸಬಹುದು. ಬೂದಿಯನ್ನೂ ಸುಣ್ಣವನ್ನೂ ಹೆಚ್ಚಾಗಿ ಬೆರೆಸಬಾರದು. ಅವು ಸಾರಜನಕವನ್ನು ಅಮೋನಿಯವಾಗಿ ಗಾಳಿಗೆ ಹಾರಿಸುತ್ತವೆ.

ತೇವದ ಹದ ತಿಳಿಯಲು ರಾಶಿಯ ಒಂದು ಹಿಡಿಯನ್ನು ಹಿಂಡಿ ನೋಡಬೇಕು. ಬೆರಳ ಸಂದಿನಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಿಕೊಂಡರೆ ಸರಿ. ನೀರು ಸುರಿದರೆ ಒಣ ಎಲೆ ಬೆರೆಸಬೇಕು, ಕೈಗೆ ತೇವವೇ ತಾಕದಿದ್ದರೆ ನೀರು ಚಿಮುಕಿಸಬೇಕು. ಮೂರು ನಾಲ್ಕು ದಿನಗಳಲ್ಲಿ ರಾಶಿ ಕಾಯತೊಡಗುತ್ತದೆ. ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿರಬೇಕು. ಒಳಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವು ಹಲವು ದಿನ ನಿಂತಾಗ ಕಳೆಯ ಬೀಜವೂ ತುಂಡುಗಳ ಚಿಗುರೂ ಸಾಯುತ್ತವೆ. ಹೊರಮೈಗೆ ಈ ಕಾವು ತಟ್ಟುವುದಿಲ್ಲ. ಆದ್ದರಿಂದ ಹತ್ತು ಹದಿನೈದು ದಿನಗಳಿಗೊಮ್ಮೆ, ಒಟ್ಟು ಮೂರು ಬಾರಿ, ಹೊರಗಿನದು ಒಳಗೆ ಹೋಗುವಂತೆ ರಾಶಿಯನ್ನು ತಿರುವಿ ಹಾಕಬೇಕು.

ಗುಂಡಿಯಲ್ಲಿ ತುಂಬಿ ಮಣ್ಣಿನಿಂದ ಮೆತ್ತಿ ಬಿಡುವ ಪದ್ಧತಿಯೂ ಒಂದಿದೆ. 1939ರಲ್ಲಿ ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ ಆ ಪದ್ಧತಿಯಲ್ಲಿ ತಿರುವುವ ಶ್ರಮವಿಲ್ಲ. ಆದರೆ ಅದರಲ್ಲಿ ಮೊದಲ ಕೆಲವು ದಿನಗಳ ಬಳಿಕ ಗಾಳಿಯಾಡದ ಕಾರಣ ಕಾವು ಬಹುಕಾಲ ನಿಲ್ಲುವುದಿಲ್ಲ. ಬೀಜವಿರುವ ಕಳೆಗೆ ತಿರುವುವ ರಾಶಿಯೇ ಭದ್ರ. ಎರೆಹುಳುವಿನ ಗೊಬ್ಬರ ಮಾಡುವವರೂ ಮೊದಲು ರಾಶಿಯನ್ನು ಕಾಯಿಸಿ, ಅದು ತಣಿದ ಮೇಲೆಯೇ ಹುಳು ಬಿಡಬೇಕು. ಕಾವಿನಲ್ಲಿ ಹುಳು ಬದುಕುವುದಿಲ್ಲ. ಹುಳುವಿನಿಂದ ಮಾತ್ರವೇ ಬೀಜ ಸಾಯುವುದಿಲ್ಲ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ ತೆಂಗಿನ ಗರಿಯನ್ನೇ ಕಳಿಯಿಸಬಲ್ಲ ಎರೆಹುಳುವಿನ ತಳಿಯೊಂದನ್ನು ಗುರುತಿಸಿ ಬಳಕೆಗೆ ತಂದಿದೆ; ಗರಿಯೂ ಕಳೆಯೂ ಇರುವ ತೋಟದವರಿಗೆ ಅದು ಉಪಯುಕ್ತ.

ಬಯಲುಸೀಮೆಯಲ್ಲಿ ತೇವ ಆರದಂತೆ ರಾಶಿಯನ್ನು ಒಂದಡಿ ಆಳದ ತಗ್ಗಿನಿಂದ ಆರಂಭಿಸಬಹುದು. ಕರಾವಳಿಯಲ್ಲಿ ನೆಲದ ಮೇಲೆಯೇ ಹಾಕಿ, ಹೆಣೆದ ಮಡಲಿನಿಂದ ಮುಚ್ಚಬೇಕು. ನೀಲಗಿರಿಯ ಚಳಿಯಲ್ಲಿ ಕಾವು ನಿಧಾನವಾಗಿ ಏರುವುದರಿಂದ ರಾಶಿ ದೊಡ್ಡದಿರಬೇಕು, ಕಾಲವೂ ಹೆಚ್ಚು ಬೇಕು. ಉಳಿದ ಕಡೆ ಎರಡೂವರೆ ಮೂರು ತಿಂಗಳಿಗೆ ಗೊಬ್ಬರ ಕಪ್ಪಾಗಿ, ಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ವಾಸನೆ ಬೀರುತ್ತದೆ.

ಹಾವಸೆ ಮತ್ತು ಪಾಚಿ

ನಿಂತ ನೀರಿನಲ್ಲಿ ಕಾಣುವ ಹಾವಸೆಯೆಲ್ಲವೂ ಒಂದೇ ಅಲ್ಲ. ಒಂದು ಕೋಲನ್ನು ಅದ್ದಿ ಎತ್ತಿದರೆ ಭೇದ ತಿಳಿಯುತ್ತದೆ. ಕೋಲಿಗೆ ಹಸುರು ಕೂದಲಿನಂತೆ ಸುತ್ತಿಕೊಂಡು ಬಂದರೆ ಅದು ಎಳೆಯಾದ ಪಾಚಿ, ಗೊಬ್ಬರಕ್ಕೆ ಒದಗುತ್ತದೆ. ಕೋಲಿಗೆ ನೀಲಿ-ಹಸುರು ಬಣ್ಣ ಬಳಿದಂತೆ ಅಂಟಿದರೆ ಅದು ನೀಲಿಹಸುರು ಪಾಚಿಯಾಗಿರಬಹುದು. ಇದರ ಕೆಲವು ಜಾತಿಗಳು ಪಿತ್ತಜನಕಾಂಗವನ್ನು ಕೆಡಿಸುವ ವಿಷವನ್ನು ಹೊರಗೆಡಹುತ್ತವೆ; ಅಂತಹ ನೀರು ಕುಡಿದು ದನಗಳು ಸತ್ತ ನಿದರ್ಶನಗಳು ಲೋಕದ ಹಲವು ದೇಶಗಳಲ್ಲಿವೆ. ಆ ನೀರನ್ನು ಮುಟ್ಟದೆ, ದನಗಳಿಗೂ ಕುಡಿಸದೆ, ಸೊಪ್ಪುತರಕಾರಿಗೆ ಎರೆಯದೆ ಇರುವುದೇ ಕ್ಷೇಮ.

ಎಳೆಪಾಚಿಯಲ್ಲಿ ಸಾರಜನಕ ಅಂತರಗಂಗೆಗಿಂತಲೂ ಹೆಚ್ಚು, ನಾರು ಕಡಮೆ. ಆದ್ದರಿಂದ ಅದೊಂದನ್ನೇ ರಾಶಿ ಹಾಕಿದರೆ ಲೋಳೆಯಾಗಿ ನಾರುತ್ತದೆ. ಒಂದು ಬುಟ್ಟಿ ಪಾಚಿಗೆ ಮೂರು ಬುಟ್ಟಿ ಒಣ ಎಲೆಯಾದರೂ ಬೇಕು. ಪದರವೂ ಬೆರಳ ದಪ್ಪಕ್ಕೆ ಮೀರಬಾರದು. ಹಸಿಯಾಗಿ ಕುಂಡದ ಮೇಲೆ ಹಾಕುವವರುಂಟು. ಒಣಗಿದಾಗ ಅದು ಕಾಗದದಂತೆ ಗಟ್ಟಿಯಾಗಿ, ಎರೆದ ನೀರು ಮಣ್ಣಿಗಿಳಿಯದಂತೆ ತಡೆಯುತ್ತದೆ. ತೊಟ್ಟಿಯಿಂದ, ಬಾವಿಕಟ್ಟೆಯಿಂದ ವಾರಕ್ಕೊಮ್ಮೆ ಕೆರೆದು ತೆಗೆಯುವ ಪಾಚಿ ಅಡುಗೆಮನೆಯ ಕಸದೊಡನೆ ಸೇರಿ ಗೊಬ್ಬರವಾಗಲು ಗೃಹಿಣಿಯರಿಗೆ ಇಷ್ಟು ಎಚ್ಚರ ಸಾಕು.

ನೀಲಿಹಸುರು ಪಾಚಿಯ ಎಲ್ಲ ಜಾತಿಗಳನ್ನೂ ದೂಷಿಸುವುದು ನ್ಯಾಯವಲ್ಲ. ಭತ್ತದ ಗದ್ದೆಯ ನೀರಿನಲ್ಲಿರುವ ಇಂತಹ ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ ಎಂಬುದನ್ನು 1939ರಲ್ಲಿ ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ ತೋರಿಸಿಕೊಟ್ಟರು. ಗೊಬ್ಬರ ಕಾಣದ ಗದ್ದೆಯೂ ವರ್ಷ ವರ್ಷ ಅಷ್ಟಿಷ್ಟು ಭತ್ತ ಕೊಡುತ್ತಿದ್ದುದರ ಒಂದು ಕಾರಣ ಅದರಿಂದ ಬೆಳಕಿಗೆ ಬಂತು. ಅಜೋಲ ಎಂಬ ಪುಟ್ಟ ತೇಲು ಜರೀಗಿಡ ತನ್ನ ಎಲೆಯೊಳಗೆ ಇಂತಹ ಪಾಚಿಯೊಂದಕ್ಕೆ ಮನೆ ಮಾಡಿಕೊಟ್ಟಿದೆ. ಅದರ ಒಣ ಪದಾರ್ಥದಲ್ಲಿ ಸಾರಜನಕ ನೂರಕ್ಕೆ 4ರಿಂದ 5 ಭಾಗ. ಗೊಬ್ಬರಕ್ಕೆಂದೇ ಜಲಸಸ್ಯ ಬೆಳೆಸಬೇಕೆನ್ನುವವರು ಕೆರೆಯನ್ನು ಬಿಟ್ಟು, ಹಿತ್ತಿಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಗೇಣುದ್ದ ಆಳದ ತೊಟ್ಟಿಯಲ್ಲಿ ಅಜೋಲವನ್ನು ಬೆಳೆಸಬಹುದು. ಅದು ದನ-ಕೋಳಿಗಳಿಗೆ ಮೇವಾಗಿಯೂ ಒದಗುತ್ತದೆ. ಆದರೆ ಅದನ್ನೂ ಊರ ಕೆರೆಗೆ ಬಿಡಬಾರದು. ಸೊಳ್ಳೆ ಸೇರದಂತೆ ತೊಟ್ಟಿಯ ನೀರನ್ನು ಆಗಾಗ ಬದಲಿಸುತ್ತಿರಬೇಕು.

ಬಳಸುವ ಪ್ರಮಾಣ

ಕಳಿತ ಗೊಬ್ಬರವನ್ನು ತರಕಾರಿ ಮಡಿಗೆ ಒಂದು ಚದರ ಮೀಟರಿಗೆ ಎರಡು ಮೂರು ಕಿಲೋದಂತೆ ಮೇಲುಮಣ್ಣಿನಲ್ಲಿ ಬೆರೆಸಬೇಕು. ಕುಂಡಗಳಿಗೆ ನಾಲ್ಕರಲ್ಲಿ ಒಂದು ಪಾಲು ಸಾಕು. ಬಸಳೆ, ಹರಿವೆ, ಬೆಂಡೆ, ಬದನೆಗಳು ಇದಕ್ಕೆ ಚೆನ್ನಾಗಿ ಒಲಿಯುತ್ತವೆ. ಅಡಿಕೆ ಮರಕ್ಕೆ ಮಳೆಯ ಬಿರುಸು ತಗ್ಗಿದ ಮೇಲೆ, ಭಾದ್ರಪದ-ಆಶ್ವಯುಜಗಳಲ್ಲಿ 12 ಕಿಲೋ; ತೆಂಗಿಗೆ ವರ್ಷಕ್ಕೆ 25ರಿಂದ 50 ಕಿಲೋ ಸಾವಯವ ಗೊಬ್ಬರದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು. ಇದರ ಸಾರಜನಕ ಒಂದೇ ವರ್ಷದಲ್ಲಿ ಬಿಡುಗಡೆಯಾಗುವುದಿಲ್ಲ. ಮೊದಲ ವರ್ಷದಲ್ಲೇ ಹಳೆಯ ಗೊಬ್ಬರವನ್ನೆಲ್ಲ ನಿಲ್ಲಿಸುವುದು ಆತುರವಾದೀತು. ಬೀಜದ ಸಂಶಯವಿದ್ದರೆ ಒಂದು ಹಿಡಿ ಗೊಬ್ಬರವನ್ನು ತಟ್ಟೆಯಲ್ಲಿ ಹರಡಿ, ಒಂದಂಗುಲ ನೀರು ನಿಲ್ಲಿಸಿ ಬಿಸಿಲಿಗಿಟ್ಟು ಮೂರು ವಾರ ನೋಡಬಹುದು. ಮೊಳಕೆ ಕಂಡರೆ ರಾಶಿಯನ್ನು ಇನ್ನೊಮ್ಮೆ ಕಾಯಿಸಬೇಕು. ಕಳೆ ಗೊಬ್ಬರವನ್ನು ಭತ್ತದ ಗದ್ದೆಗಿಂತ ಒಣನೆಲದ ಬೆಳೆಗೆ ಹಾಕುವುದು ಮೇಲು. ತಪ್ಪಿ ಉಳಿದ ಬೀಜ ಒಣನೆಲದಲ್ಲಿ ಬದುಕಿ ಬೆಳೆಯಲಾರದು.

ಇಷ್ಟನ್ನು ಒಂದು ಕುಟುಂಬ ತನ್ನ ಹಿತ್ತಿಲ ಕೊಳದಲ್ಲಿ ಮಾಡಿಕೊಳ್ಳಬಹುದು. ಊರ ಕೆರೆಗೆ ಊರೇ ಬೇಕು. ಗಡಿಯಾಚೆಯ ನಮ್ಮ ಊರುಗಳಲ್ಲಿ ಕನ್ನಡಿಗರ ಕೆರೆ, ಮಲೆಯಾಳಿಗಳ ಕೆರೆ, ಮರಾಠಿಗರ ಕೆರೆ ಎಂಬುದಿಲ್ಲ. ಒಂದು ಮನೆಯ ಬಚ್ಚಲ ನೀರೂ ಇನ್ನೊಂದು ಮನೆಯ ಹೊಲದ ಯೂರಿಯಾವೂ ಅಲ್ಲಿ ಕೂಡಿಕೊಂಡಿವೆ. ಅವನ್ನು ಎತ್ತುವ ಕೆಲಸವೂ ಕೂಡಿಯೇ ಆಗಬೇಕು. ಯುವಕ ಸಂಘ, ಮಹಿಳಾ ಮಂಡಳಿ, ಶಾಲೆಯ ತೋಟ, ಪಂಚಾಯತಿ ಇವು ಮನಸ್ಸು ಮಾಡಿದರೆ ಮಾಘ, ಫಾಲ್ಗುಣಗಳಲ್ಲಿ ತೆಗೆದ ಕಳೆ ಜ್ಯೇಷ್ಠದ ಬಿತ್ತನೆಗೆ ಗೊಬ್ಬರವಾಗಿ ಹಂಚಲು ಸಿದ್ಧವಾಗಿರುತ್ತದೆ. ಅದರ ಜೊತೆಗೆ ಕೆರೆಗೆ ಇಳಿಯುವ ಚರಂಡಿಯ ಬಾಯಿಯನ್ನೂ ತಿರುಗಿಸಬೇಕು. ಉಣಿಸುವುದನ್ನು ನಿಲ್ಲಿಸದೆ ಕಳೆಯನ್ನು ಮಾತ್ರ ಕೀಳುತ್ತಿದ್ದರೆ ಪ್ರತಿವರ್ಷವೂ ಅದೇ ಶ್ರಮ ಕಾದಿರುತ್ತದೆ. ಈ ಬೇಸಿಗೆಯಲ್ಲಿ ಒಂದು ಚಿಕ್ಕ ಕೊಳದಿಂದಲಾದರೂ ಆರಂಭಿಸಿರೆಂದು ನಾವು ಓದುಗ ಬಂಧುಗಳನ್ನು ಕೋರುತ್ತೇವೆ.